ಬಿ.ಇಡಿ. ಮಕ್ಕಳ ಬಸ್ಸು ಎಲ್ಲಿ ನಿಲ್ಲಬೇಕು? ಶಿಕ್ಷಣ ಇಲಾಖೆಗೊಂದು ಬಹಿರಂಗ ಪತ್ರ

ಶಾಲಾ ಶಿಕ್ಷಣ ಇಲಾಖೆಯ ಅಧಿಕಾರಿಗಳಿಗೆ ಮತ್ತು ವಿಶ್ವವಿದ್ಯಾಲಯಗಳ ಬಿ.ಇಡಿ. ಪಠ್ಯ ಮಂಡಳಿಯವರಿಗೆ,

ನಮಸ್ಕಾರ.

ನಾನು ಚಿತ್ರದುರ್ಗ ಜಿಲ್ಲೆಯ ಒಂದು ಬಿ.ಇಡಿ. ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಕಂಪ್ಯೂಟರು, ಮಲ್ಟಿಮೀಡಿಯಾ ಇತ್ಯಾದಿ ಇರುವ ವಿಷಯ ನನ್ನ ಪಾಲಿಗೆ ಬಂದು ಬಹಳ ವರ್ಷವಾಯಿತು. ಹೇಗೆ ಬಂತು ಅಂದರೆ, ಒಂದು ದಿನ ಕಾಲೇಜಿನ ಪ್ರೊಜೆಕ್ಟರ್ ಕೈಕೊಟ್ಟಿತು. ಅದರ ವೈರು ಅಲ್ಲಾಡಿಸಿ ಸರಿ ಮಾಡಿದವನು ನಾನು. ಅಷ್ಟೇ ನನ್ನ ಅರ್ಹತೆ.

ಈ ಪತ್ರ ಒಂದು ಬಸ್ಸಿನ ವಿಷಯಕ್ಕೆ. ನಮ್ಮ ಪ್ರಶಿಕ್ಷಣಾರ್ಥಿಗಳನ್ನು, ಅಂದರೆ ಶಿಕ್ಷಕರಾಗಲು ಓದುತ್ತಿರುವ ನಮ್ಮ ಮಕ್ಕಳನ್ನು ತುಂಬಿಕೊಂಡು ‘ಮಲ್ಟಿಮೀಡಿಯಾ ಕ್ಷೇತ್ರ ಭೇಟಿ’ಗೆ ಹೊರಡುವ ಬಸ್ಸು. ಅದು ಹೊರಟರೆ ಸಾಕು ಅಂತ ನಾವೆಲ್ಲ ಸುಮ್ಮನಿದ್ದೇವೆ. ಎಲ್ಲಿ ನಿಲ್ಲುತ್ತದೆ ಅಂತ ಯಾರೂ ಕೇಳುವುದಿಲ್ಲ.

ಮೊದಲ ಸಲ ನಾನು ಕರೆದುಕೊಂಡು ಹೋದಾಗ ಅದು ಬೆಂಗಳೂರಿನ ಒಂದು ಶೋರೂಮಿನ ಮುಂದೆ ನಿಂತಿತು. ಸ್ಮಾರ್ಟ್ ಬೋರ್ಡ್ ಮಾರುವ ಕಂಪನಿಯವರು ‘ಉಚಿತ ತರಬೇತಿ’ ಕೊಡುತ್ತೇವೆ ಎಂದಿದ್ದರು. ಉಚಿತ ಅಂದಮೇಲೆ ಬಿಡುವುದುಂಟೇ? ಬೆಳಗಿನ ಜಾವ ನಾಲ್ಕಕ್ಕೆ ಹೊರಟು, ಸಿರಾದಲ್ಲಿ ಇಡ್ಲಿ ತಿಂದು, ಹತ್ತಕ್ಕೆ ಅಲ್ಲಿ ಹಾಜರಾದೆವು. ತಣ್ಣಗಿನ ಎಸಿ ಕೋಣೆ. ಟೈ ಕಟ್ಟಿದ ಹುಡುಗ. ಬೋರ್ಡಿನ ಮೇಲೆ ಮನುಷ್ಯನ ಹೃದಯ ಗಿರಗಿರ ತಿರುಗಿತು, ಬಿಚ್ಚಿಕೊಂಡಿತು, ಮತ್ತೆ ಮುಚ್ಚಿಕೊಂಡಿತು. ವಿವರಣೆ ಎಲ್ಲಾ ಇಂಗ್ಲಿಷಿನಲ್ಲಿ. ನಾವು ಚಪ್ಪಾಳೆ ತಟ್ಟಿದೆವು. ಒಂದು ಪೆನ್ನು, ಒಂದು ಬ್ಯಾಗು ಕೊಟ್ಟರು. ಫಾರಂ ತುಂಬಿಸಿಕೊಂಡು ಎಲ್ಲರ ಫೋನ್ ನಂಬರ್ ತೆಗೆದುಕೊಂಡರು. ಆಮೇಲೆ ಆರು ತಿಂಗಳು ನನ್ನ ಮಕ್ಕಳಿಗೆ ಫೋನ್ ಬರುತ್ತಲೇ ಇತ್ತು, ‘ಬೋರ್ಡ್ ತಗೋತೀರಾ ಮೇಡಂ’ ಅಂತ. ಪಾಪ, ಕೆಲಸವೇ ಸಿಕ್ಕಿರದ ಹುಡುಗಿಯರು ಅವರು.

ಆ ದಿನ 42 ಜನರಲ್ಲಿ ಒಬ್ಬರೂ ಆ ಬೋರ್ಡನ್ನು ಬೆರಳಿನಿಂದ ಮುಟ್ಟಲಿಲ್ಲ. ಊರಿಗೆ ಬಂದು 42 ವರದಿ ಬರೆದರು. ಎಲ್ಲವೂ ಒಂದೇ ವಾಕ್ಯದಿಂದ ಶುರು: ‘ಇಂದಿನ ಯುಗ ತಂತ್ರಜ್ಞಾನದ ಯುಗ.’ ನಾನು ಎಲ್ಲರಿಗೂ ಒಳ್ಳೆ ಅಂಕ ಕೊಟ್ಟೆ. ತಪ್ಪು ಕಂಪನಿಯದಲ್ಲ, ಅವರು ಅವರ ವ್ಯಾಪಾರ ಮಾಡಿದರು. ತಪ್ಪು ನನ್ನದು. ನಾನು ಶಿಕ್ಷಕರಾಗುವವರನ್ನು ಗಿರಾಕಿಗಳನ್ನಾಗಿ ಮಾಡಿ ಕೂರಿಸಿದ್ದೆ.

ಕಾಲೇಜಿನ ಒಳಗಾದರೂ ನೆಟ್ಟಗಿದ್ದೆವಾ ಅಂದರೆ, ಅದೂ ಇಲ್ಲ. 2015ರಲ್ಲಿ ಬಿ.ಇಡಿ. ಒಂದು ವರ್ಷದಿಂದ ಎರಡು ವರ್ಷಕ್ಕೆ ಬೆಳೆಯಿತು. ಶಿಕ್ಷಕರ ತರಬೇತಿಗೆ ನಿಯಮ ಮಾಡುವ ರಾಷ್ಟ್ರೀಯ ಮಂಡಳಿ ಎನ್‌ಸಿಟಿಇ 2014ರ ನಿಯಮಾವಳಿ ಮಾಡುವಾಗ ಒಳ್ಳೆಯ ಉದ್ದೇಶದಿಂದಲೇ ಐಸಿಟಿಗೆ, ಅಂದರೆ ಮಾಹಿತಿ ಮತ್ತು ಸಂವಹನ ತಂತ್ರಜ್ಞಾನಕ್ಕೆ, ಬೇರೆಯೇ ಜಾಗ ಕೊಟ್ಟಿತು. ಅದನ್ನು ಓದಿ ಪರೀಕ್ಷೆ ಬರೆಯುವ ಬದಲು ಮಾಡಿ ಕಲಿಯಲಿ ಅಂತ. ನಾವು ಏನು ಮಾಡಿದೆವು? ರೆಕಾರ್ಡ್ ಪುಸ್ತಕ ಬರೆಸಿದೆವು. ಕಂಪ್ಯೂಟರಿನ ಭಾಗಗಳ ಚಿತ್ರವನ್ನು ಕೈಯಲ್ಲೇ ಬಿಡಿಸಿ ಬಣ್ಣ ಹಚ್ಚಿದವರಿದ್ದಾರೆ. ಮೌಸ್‌ಗೆ ಬಾಲ, ಮೀಸೆ ಎರಡನ್ನೂ ಬಿಡಿಸಿದ ಒಬ್ಬ ತರಲೆಗೆ ನಾನು ಒಂದು ಅಂಕ ಜಾಸ್ತಿ ಕೊಟ್ಟಿದ್ದೇನೆ. ಆ ಕೆಲಸದಲ್ಲಿ ಬುದ್ಧಿ ಖರ್ಚು ಮಾಡಿದವನು ಅವನೊಬ್ಬನೇ.

ಮುಂದಿನ ತಂಡದ ಹೊತ್ತಿಗೆ ದಾರಿ ಬದಲಿಸಿದೆ. ಮೂರು ನಿಲ್ದಾಣ ಇಟ್ಟುಕೊಂಡೆವು. ದನಿಯನ್ನೋ ಚಿತ್ರವನ್ನೋ ತಯಾರು ಮಾಡುವ ಒಂದು ಜಾಗ. ಅದನ್ನು ಚೆನ್ನಾಗಿ ತೋರಿಸುವ ಒಂದು ಜಾಗ. ಕೊನೆಗೆ, ಅದು ಕೆಲಸಕ್ಕೆ ಬರಬೇಕಾದ ಜಾಗ, ಅಂದರೆ ಒಂದು ಹಳ್ಳಿಯ ಸರ್ಕಾರಿ ಶಾಲೆ.

ತಯಾರು ಮಾಡುವ ಜಾಗಕ್ಕೆ ಒಂದು ಸಮುದಾಯ ಬಾನುಲಿ ಕೇಂದ್ರವನ್ನು, ಅಂದರೆ ಸುತ್ತಲಿನ ಊರುಗಳಿಗಾಗಿ ನಡೆಯುವ ಸಣ್ಣ ರೇಡಿಯೊ ಕೇಂದ್ರವನ್ನು ಆರಿಸಿದೆ. ಎರಡೇ ಕೋಣೆ. ಗೋಡೆಗೆ ಮೊಟ್ಟೆ ಟ್ರೇ ಥರ ಉಬ್ಬು ತಗ್ಗಿನ ಸ್ಪಂಜು. ನಡುವೆ ಗಾಜು. ಅದನ್ನು ನಡೆಸುವ ಹೆಣ್ಣುಮಗಳು ಒಳಗೆ ಬಂದವಳೇ ಹೇಳಿದ ಮೊದಲ ಮಾತು: ‘ಫ್ಯಾನ್ ಆರಿಸಿ.’ ಆರಿಸಿದಾಗಲೇ ನಮಗೆ ಗೊತ್ತಾಗಿದ್ದು, ಅಲ್ಲಿವರೆಗೂ ಒಂದು ಗುಂಯ್ ಸದ್ದು ಇತ್ತು ಅಂತ. ನಮ್ಮ ತರಗತಿಗಳಲ್ಲಿ ಎಷ್ಟು ಸದ್ದು ಇರಬಹುದು, ಹಿಂದಿನ ಬೆಂಚಿನವರಿಗೆ ಏನು ಕೇಳಿಸುತ್ತಿರಬಹುದು ಅಂತ ಅಲ್ಲೇ ಒಬ್ಬ ಕೇಳಿದ. ವರ್ಷವೆಲ್ಲಾ ಸೂಕ್ಷ್ಮ ಬೋಧನೆ (ಸಣ್ಣ ಗುಂಪಿನ ಮುಂದೆ ಪುಟ್ಟ ಪಾಠದ ಅಭ್ಯಾಸ) ಮಾಡಿಸಿದರೂ ಈ ಪ್ರಶ್ನೆ ಒಂದು ಸಲವೂ ಬಂದಿರಲಿಲ್ಲ.

ಆರಾರು ಜನರ ಗುಂಪು. ಪ್ರತಿ ಗುಂಪೂ ನಾಲ್ಕು ನಿಮಿಷದ ಒಂದು ಪಾಠವನ್ನು ರೆಕಾರ್ಡ್ ಮಾಡಬೇಕು. ಚಳ್ಳಕೆರೆ ಕಡೆಯ ಒಬ್ಬ ಹುಡುಗಿಗೆ ಜಲಚಕ್ರ ಬಂತು. ಮನೆಯಲ್ಲಿ ಬರೆದುಕೊಂಡು ಬಂದಿದ್ದಳು. ಚೆನ್ನಾಗಿ ಶುರು ಮಾಡಿದಳು. ಅರ್ಧ ನಿಮಿಷಕ್ಕೆ, ‘ಮಕ್ಕಳೇ, ಈ ಬಾಣದ ಗುರುತನ್ನು ಗಮನಿಸಿ’ ಎಂದಳು. ಗಾಜಿನ ಆಚೆಯಿಂದ ಸ್ಪೀಕರಿನಲ್ಲಿ ಮಾತು ಬಂತು: ‘ಯಾವ ಬಾಣ ಮೇಡಂ?’

ಎಲ್ಲರೂ ನಕ್ಕರು. ಅವಳೂ ನಕ್ಕಳು, ಮುಖ ಮಾತ್ರ ಕೆಂಪಾಗಿತ್ತು. ಎರಡನೇ ಸಲ ಬಾಣ ಹೋಯಿತು, ‘ಬಾಷ್ಪೀಕರಣ’ ಬಂತು. ಆ ಪದವೂ ಗಾಜು ದಾಟಲಿಲ್ಲ. ಮೂರನೇ ಸಲ ಕಾಗದ ಮಡಚಿ ಪಕ್ಕಕ್ಕಿಟ್ಟಳು. ‘ಅನ್ನ ಬೇಯೋವಾಗ ಪಾತ್ರೆ ಮುಚ್ಚಳ ತೆಗೆದು ನೋಡಿದೀರಾ? ಮುಚ್ಚಳದ ಒಳಗೆ ಏನಿರುತ್ತೆ?’ ಎಂದು ತನ್ನ ಊರಿನ ರಾಗದಲ್ಲೇ ಕೇಳಿದಳು. ಕೇಳಿ ಎರಡು ಕ್ಷಣ ಸುಮ್ಮನಾದಳು. ಆ ಎರಡು ಕ್ಷಣದಲ್ಲಿ ಯಾವುದೋ ಮಗು ಉತ್ತರ ಹೇಳುತ್ತಿದೆ ಅಂತ ನನಗೆ ಅನಿಸಿತು. ರೆಕಾರ್ಡಿಂಗ್ ಕೇಳಿಸಿದಾಗ ಅವಳು ಕೇಳಿದ್ದು, ‘ಇದು ನನ್ನ ದನಿನಾ ಸಾರ್?’ ನಮ್ಮ ದನಿ ನಮಗೆ ಗಾಳಿಯಿಂದಷ್ಟೇ ಕೇಳಿಸುವುದಿಲ್ಲ, ತಲೆಬುರುಡೆಯ ಮೂಳೆಯಿಂದಲೂ ಕೇಳಿಸುತ್ತದೆ, ಅದಕ್ಕೇ ರೆಕಾರ್ಡ್ ಆದ ದನಿ ತೆಳ್ಳಗೆ, ಬೇರೆಯವರದ್ದು ಅನಿಸುತ್ತದೆ ಎಂದು ಬಾನುಲಿಯವರು ವಿವರಿಸಿದರು. ಮಕ್ಕಳು ವರ್ಷಗಟ್ಟಲೆ ಕೇಳುವ ದನಿ ಅದೇ, ಅಲ್ವಾ? ಮೇಷ್ಟ್ರಿಗೆ ಮಾತ್ರ ಅದರ ಪರಿಚಯ ಇರುವುದಿಲ್ಲ.

ಅಲ್ಲಿಂದ ಬರುವಾಗ ಒಂದಿಷ್ಟು ಕಸುಬಿನ ಗುಟ್ಟು ಕಟ್ಟಿಕೊಂಡು ಬಂದೆವು. ಫೋನನ್ನು ಬಾಯಿಂದ ಒಂದು ಗೇಣು ದೂರ ಇಡುವುದು, ನೇರ ಎದುರಿಗೆ ಹಿಡಿಯದೆ ಸ್ವಲ್ಪ ಓರೆಯಾಗಿ. ಮನೆಯಲ್ಲಿ ಸ್ಟುಡಿಯೊ ಬೇಕಾದರೆ ಬಟ್ಟೆ ತುಂಬಿದ ಬೀರುವಿನ ಮುಂದೆ ಕೂರುವುದು, ಇಲ್ಲವೇ ತಲೆಯ ಮೇಲೆ ಕಂಬಳಿ ಹೊದೆಯುವುದು. ಬಟ್ಟೆ ಪ್ರತಿಧ್ವನಿಯನ್ನು ನುಂಗುತ್ತದೆ. ಖರ್ಚು ಸೊನ್ನೆ.

ಎರಡನೇ ನಿಲ್ದಾಣ, ಬೆಂಗಳೂರಿನ ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯ. 1962ರಲ್ಲಿ ನೆಹರೂ ಉದ್ಘಾಟಿಸಿದ ಕಟ್ಟಡ. ನೀವೂ ಚಿಕ್ಕವರಿದ್ದಾಗ ಸ್ಕೂಲ್ ಟ್ರಿಪ್ಪಿನಲ್ಲಿ ಹೋಗಿರುತ್ತೀರಿ. ಅಲ್ಲಿ ನಾನು ಮಕ್ಕಳಿಗೆ ಒಂದು ವಿಚಿತ್ರ ಷರತ್ತು ಹಾಕಿದೆ. ಮೊದಲ ಒಂದು ಗಂಟೆ ವಸ್ತುಗಳನ್ನು ನೋಡಬಾರದು. ವಸ್ತುಗಳನ್ನು ನೋಡುವ ಶಾಲಾ ಮಕ್ಕಳನ್ನು ನೋಡಬೇಕು. ಒಂದು ಮಾದರಿಯ ಮುಂದೆ ಒಂದು ಮಗು ಎಷ್ಟು ಸೆಕೆಂಡ್ ನಿಲ್ಲುತ್ತದೆ, ಫೋನಿನಲ್ಲಿ ಸಮಯ ಹಿಡಿದು ಬರೆದುಕೊಳ್ಳಬೇಕು.

ಬಂದ ಉತ್ತರ ನನಗೂ ಹೊಸದು. ಗುಂಡಿ ಒತ್ತಿದರೆ ಬೆಳಕು ಹತ್ತುವ ಕಡೆ ಮಕ್ಕಳು ಒತ್ತಿ ಓಡಿಬಿಡುತ್ತವೆ. ಬೆಳಕು ಹತ್ತಿತಾ ಅಂತ ತಿರುಗಿ ನೋಡುವುದೂ ಇಲ್ಲ. ತಾವು ಮಾಡಿದ್ದಕ್ಕೆ ಬೇರೆ ಬೇರೆ ಫಲ ಸಿಗುವ ಕಡೆ, ಜೋರಾಗಿ ತಿರುಗಿಸಿದರೆ ಒಂದು, ಮೆಲ್ಲಗೆ ತಿರುಗಿಸಿದರೆ ಇನ್ನೊಂದು, ಅಂಥ ಕಡೆ ನಿಂತು ಜಗಳ ಆಡುತ್ತವೆ. ‘ನಂದಾಯ್ತು, ನೀನು ಸರಿ’ ಅಂತ ತಳ್ಳಾಡುತ್ತವೆ. ಉದ್ದುದ್ದ ಬರಹದ ಫಲಕದ ಮುಂದೆ ನಿಲ್ಲುವುದು ಅವರನ್ನು ಕರೆತಂದ ಮೇಷ್ಟ್ರು ಮಾತ್ರ, ಅದೂ ಕಾಲು ನೋವಿಗೆ. ಪವರ್‌ಪಾಯಿಂಟಿನಲ್ಲಿ ಇಪ್ಪತ್ತು ಸಾಲು ತುಂಬುತ್ತಿದ್ದ ನನ್ನ ಹುಡುಗರು ಆಮೇಲೆ ನಾಲ್ಕು ಸಾಲಿಗೆ ಇಳಿದರು. ನಾನೂ ಇಳಿದೆ.

ಅಲ್ಲಿ ‘ಸೈನ್ಸ್ ಆನ್ ಎ ಸ್ಫಿಯರ್’ ಎಂಬುದಿದೆ. ಕತ್ತಲ ಕೋಣೆಯ ನಡುವೆ ತೂಗಿಬಿಟ್ಟ ಬಿಳಿ ಗೋಳ, ಸುತ್ತ ಪ್ರೊಜೆಕ್ಟರು. ಗೋಳದ ಮೇಲೆ ಮೋಡಗಳು ತೇಲುತ್ತವೆ, ಚಂಡಮಾರುತ ಸುತ್ತುತ್ತದೆ. ಅಮೆರಿಕದ ಹವಾಮಾನ ಸಂಸ್ಥೆ ನೋವಾ ರೂಪಿಸಿದ ವ್ಯವಸ್ಥೆ ಅದು. ಎಲ್ಲರೂ ಬಾಯಿ ಬಿಟ್ಟುಕೊಂಡು ನೋಡಿದರು. ಹೊರಗೆ ಬಂದಮೇಲೆ ಒಬ್ಬ ಕೇಳಿದ: ‘ಸಾರ್, ಇದು ನಮ್ಮ ಶಾಲೆಗೆ ಜನ್ಮದಲ್ಲಿ ಬರಲ್ಲ. ಇದರಲ್ಲಿ ನಮಗೆ ಬೇಕಾದ್ದು ಯಾವುದು?’ ಬಸ್ಸಿನಲ್ಲಿ ಅದೇ ಚರ್ಚೆ. ದುಂಡಗಿನ ವಸ್ತುವಿನ ಮೇಲೆ ಬೆಳಕು ಬೀಳುವುದನ್ನು ಸುತ್ತ ನಿಂತು ನೋಡುವುದು, ಅದೇ ಮುಖ್ಯ ಅಂತ ಒಬ್ಬಳು ಹೇಳಿದಳು. ಹಾಗಾದರೆ ಚೆಂಡು, ಟಾರ್ಚು ಸಾಕು.

ಮೂರನೇ ನಿಲ್ದಾಣದಲ್ಲಿ ಚೆಂಡು, ಟಾರ್ಚೇ ಗತಿಯಾಯಿತು.

ನಮ್ಮ ಜಿಲ್ಲೆಯದೇ ಒಂದು ಹಿರಿಯ ಪ್ರಾಥಮಿಕ ಶಾಲೆ. ಅಲ್ಲಿ ಸ್ಮಾರ್ಟ್ ಟಿವಿ ಇದೆ ಎಂದು ಮೊದಲೇ ಕೇಳಿಕೊಂಡಿದ್ದೆವು. ಇತ್ತು. ಗೋಡೆಯ ಮೇಲೆ, ದಾನಿಯ ಹೆಸರು ಬರೆದ ಬಟ್ಟೆಯ ಮುಸುಕು ಹಾಕಿಕೊಂಡು. ರಿಮೋಟ್ ಬೀರುವಿನಲ್ಲಿ. ಬೀರುವಿನ ಕೀ ಮುಖ್ಯ ಶಿಕ್ಷಕರ ಹತ್ತಿರ. ಮುಖ್ಯ ಶಿಕ್ಷಕರು ತಾಲ್ಲೂಕು ಕೇಂದ್ರದಲ್ಲಿ ಮೀಟಿಂಗಿನಲ್ಲಿ. ಕೊನೆಗೆ ಏಳನೇ ತರಗತಿಯ ಒಬ್ಬ ಪೋರ ಟಿವಿಯ ಹಿಂದೆ ಕೈ ಹಾಕಿ ಗುಂಡಿ ಹುಡುಕಿ ಆನ್ ಮಾಡಿದ. ನಮ್ಮ ಫೋನನ್ನು ಅದಕ್ಕೆ ಜೋಡಿಸಿಯೂ ಕೊಟ್ಟ. ‘ಮೇಷ್ಟ್ರಿಗೆ ಹೇಳಬೇಡಿ’ ಅಂದ. ಹೇಳಿಲ್ಲ. ನಿಮಗೆ ಹೇಳುತ್ತಿದ್ದೇನೆ ಅಷ್ಟೆ.

ಹಂಪಿಯ ಪಾಠ ಮೊದಲು. ಪಾಠ ಮಾಡಿದವನು ಹಿಂದಿನ ರಾತ್ರಿ ಫೋನಿನಲ್ಲಿರುವ ಎಐಗೆ ಹೇಳಿ ಕಲ್ಲಿನ ರಥದ ಭರ್ಜರಿ ಚಿತ್ರ ಮಾಡಿಸಿಕೊಂಡು ಬಂದಿದ್ದ. ಸೂರ್ಯಾಸ್ತ, ಚಿನ್ನದ ಬಣ್ಣ, ಎಲ್ಲಾ ಇತ್ತು. ಒಬ್ಬ ಹುಡುಗ ಕೈ ಎತ್ತಿ, ‘ಸಾರ್, 50 ರೂಪಾಯಿ ನೋಟಲ್ಲಿ ಇರೋದು ಬೇರೆ ಥರ ಇದೆ’ ಅಂದ. ನೋಟು ತೆಗೆದು ನೋಡಿದರೆ ಹೌದು. 2017ರಿಂದ ಬಂದ ಆ ನೋಟಿನ ಹಿಂದೆ ರಥ ಇದೆ, ನಾವೆಲ್ಲ ದಿನಾ ಕೈಯಲ್ಲಿ ಹಿಡಿದರೂ ನೋಡಿರಲಿಲ್ಲ. ಟಿವಿಯ ರಥಕ್ಕೆ ಚಕ್ರಗಳೂ ಜಾಸ್ತಿ, ಗೋಪುರವೂ ಜಾಸ್ತಿ. ಪಾಠ ಮಾಡುವವನು ಜಾಣ. ಹಿಂಜರಿಯದೆ ಇಡೀ ತರಗತಿಗೆ ‘ಎಷ್ಟು ವ್ಯತ್ಯಾಸ ಹುಡುಕ್ತೀರಿ’ ಎಂದು ಕೇಳಿಬಿಟ್ಟ. ಒಳ್ಳೆಯ ಪಾಠವಾಯಿತು, ಅವನು ಯೋಚಿಸಿಕೊಂಡು ಬಂದ ಪಾಠವಲ್ಲದಿದ್ದರೂ.

ಹನ್ನೊಂದೂವರೆಗೆ ಕರೆಂಟು ಹೋಯಿತು. ಯುಪಿಎಸ್‌ನ ಬ್ಯಾಟರಿ ಯಾವಾಗಲೋ ಸತ್ತಿತ್ತು. ಮುಂದಿನ ಪಾಠ ಜಲಚಕ್ರದ ಹುಡುಗಿಯದು. ಅವಳ ಹತ್ತಿರ ವಿಡಿಯೊ ಇತ್ತು, ಪೆನ್‌ಡ್ರೈವ್ ಇತ್ತು. ಎರಡನ್ನೂ ಮೇಜಿನ ಮೇಲಿಟ್ಟು, ತರಗತಿಯ ನಡುವೆ ಬಂದು ನಿಂತಳು. ‘ಎಲ್ಲರೂ ಕಣ್ಣು ಮುಚ್ಚಿ. ಅನ್ನ ಬೇಯ್ತಾ ಇದೆ. ಮುಚ್ಚಳ ತೆಗೀರಿ’ ಎಂದಳು. ನಲವತ್ತು ನಿಮಿಷ. ಒಂದು ಮಗುವೂ ಕಿಟಕಿ ಕಡೆ ನೋಡಲಿಲ್ಲ. ಬಾಣ ಬೇಕಾದಾಗ ಮಕ್ಕಳನ್ನೇ ಸಾಲಾಗಿ ನಿಲ್ಲಿಸಿ ಬಾಣ ಮಾಡಿದಳು. ನಾನು ಹಿಂದಿನ ಬೆಂಚಿನಲ್ಲಿ ಕೂತು ಅವಲೋಕನ ಪಟ್ಟಿ ತುಂಬಬೇಕಿತ್ತು, ತುಂಬುವುದನ್ನೇ ಮರೆತೆ. ಆ ಪಟ್ಟಿಯಲ್ಲಿ ‘ತಂತ್ರಜ್ಞಾನದ ಬಳಕೆ’ ಅಂತ ಒಂದು ಕಾಲಂ ಇದೆ. ಅಲ್ಲಿ ಅವಳಿಗೆ ಎಷ್ಟು ಕೊಡಬೇಕು ಹೇಳಿ. ಸೊನ್ನೆ ಕೊಡಲೇ, ಪೂರ್ತಿ ಕೊಡಲೇ?

ಇದನ್ನೆಲ್ಲ ಕೇಳಿದ ನಮ್ಮ ನಿವೃತ್ತ ಸಹೋದ್ಯೋಗಿಯೊಬ್ಬರು ನಕ್ಕರು. ಅವರು ರಾಯಚೂರು ಕಡೆಯವರು. ‘ನಾವು ಹುಡುಗರಿದ್ದಾಗಲೇ ನಮ್ಮೂರ ಸಾಲಿಗೆ ಉಪಗ್ರಹದಿಂದ ಟಿವಿ ಬರ್ತಿತ್ತು’ ಎಂದರು. ಸತ್ಯವೇ. 1975ರ ಆಗಸ್ಟ್‌ನಿಂದ ಒಂದು ವರ್ಷ ನಡೆದ ‘ಸೈಟ್’ ಪ್ರಯೋಗ ಅದು. ನಾಸಾದ ಎಟಿಎಸ್-6 ಉಪಗ್ರಹವನ್ನು ಎರವಲು ಪಡೆದು ಇಸ್ರೊ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟಿವಿ ತಲುಪಿಸಿತು. ಕರ್ನಾಟಕದಲ್ಲಿ ಗುಲ್ಬರ್ಗ, ರಾಯಚೂರು, ಬಿಜಾಪುರ ಜಿಲ್ಲೆಗಳು. ಆಂಟೆನಾಗೆ ಕೋಳಿಗೂಡಿನ ಜಾಲರಿಯಂಥ ತಂತಿ ಬಲೆ. ಬೆಳಿಗ್ಗೆ ಮಕ್ಕಳಿಗೆ ಇಪ್ಪತ್ತೆರಡೂವರೆ ನಿಮಿಷದ ಕಾರ್ಯಕ್ರಮ. ಅಷ್ಟೇ ಆಗಿದ್ದರೆ ನಾನು ಇಲ್ಲಿ ಹೇಳುತ್ತಿರಲಿಲ್ಲ. ಅದೇ ಪ್ರಯೋಗದಲ್ಲಿ ಸಾವಿರಾರು ಪ್ರಾಥಮಿಕ ಶಾಲೆಯ ಮೇಷ್ಟ್ರುಗಳಿಗೆ ವಿಜ್ಞಾನ ಕಲಿಸುವ ತರಬೇತಿಯೂ ನಡೆಯಿತು. ಟಿವಿ, ರೇಡಿಯೊ, ಅಚ್ಚಾದ ಪಾಠ, ಕೈಯಾರೆ ಮಾಡುವ ಚಟುವಟಿಕೆ, ಜೊತೆಗೆ ಕೇಂದ್ರದಲ್ಲಿ ಒಬ್ಬ ಮಾರ್ಗದರ್ಶಕ ಶಿಕ್ಷಕ. ಅದನ್ನು ಆಗಲೇ ‘ಮಲ್ಟಿಮೀಡಿಯಾ’ ಪ್ಯಾಕೇಜ್ ಎಂದೇ ಕರೆದರು. ಐವತ್ತು ವರ್ಷದ ಹಿಂದೆ! ಟಿವಿ ಒಂದೇ ಸಾಲದು, ಕೈಗೂ ಕೆಲಸ ಬೇಕು, ಪಕ್ಕದಲ್ಲಿ ಮನುಷ್ಯ ಬೇಕು ಅನ್ನುವುದು ಅವರಿಗೆ ಗೊತ್ತಿತ್ತು. ನಮ್ಮ ಶೋರೂಮಿನವರಿಗೆ ಇನ್ನೂ ಗೊತ್ತಾಗಿಲ್ಲ.

ಹಾಗೆ ನೋಡಿದರೆ ಈ ವಿಷಯದಲ್ಲಿ ಮೇಷ್ಟ್ರುಗಳು ಹಿಂದೆ ಬಿದ್ದವರೇನಲ್ಲ. ಮೈಸೂರಿನ ಆಕಾಶವಾಣಿ ಹುಟ್ಟಿದ್ದು 1935ರಲ್ಲಿ, ಮಹಾರಾಜ ಕಾಲೇಜಿನ ಮನಶ್ಶಾಸ್ತ್ರ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ಅವರ ಒಂಟಿಕೊಪ್ಪಲಿನ ಮನೆಯಲ್ಲಿ. ಕೋಲಾರ ಜಿಲ್ಲೆಯ ಬೂದಿಕೋಟೆಯ ಸಮುದಾಯ ಬಾನುಲಿ ‘ನಮ್ಮ ಧ್ವನಿ’ಯವರು ಪ್ರಸಾರಕ್ಕೆ ಪರವಾನಗಿ ಇಲ್ಲದ ಕಾಲದಲ್ಲಿ ಕೇಬಲ್ ಟಿವಿಯ ತಂತಿಯಲ್ಲೇ ತಮ್ಮ ದನಿಯನ್ನು ಮನೆಮನೆಗೆ ಕಳಿಸಿದರು. ಇಂಥ ಜಾಗಗಳ ಕತೆ ನಮ್ಮ ಪಠ್ಯದಲ್ಲಿ ಇಲ್ಲ. ಕಲಿಕೆಯ ಅನುಭವಗಳನ್ನು ಮೆಟ್ಟಿಲು ಮೆಟ್ಟಿಲಾಗಿ ತೋರಿಸುವ ಎಡ್ಗರ್ ಡೇಲ್ ಅವರ ಅನುಭವ ಶಂಕು ಮಾತ್ರ ಇದೆ. ಅದರ ಚಿತ್ರ ಬಿಡಿಸದೆ ಬಿ.ಇಡಿ. ಮುಗಿಸಿದವರು ಯಾರೂ ಇಲ್ಲ.

ಎಲ್ಲರೂ ಬೆಂಗಳೂರಿಗೇ ಬರಬೇಕಾಗಿಲ್ಲ ಅಂತಲೂ ಹೇಳಬೇಕು. ಕಲಬುರಗಿಯಲ್ಲಿ ಜಿಲ್ಲಾ ವಿಜ್ಞಾನ ಕೇಂದ್ರ ಇದೆ. ಧಾರವಾಡದಲ್ಲಿ ಪ್ರಾದೇಶಿಕ ವಿಜ್ಞಾನ ಕೇಂದ್ರ, ಆಕಾಶವಾಣಿ, ಕೃಷಿ ವಿಶ್ವವಿದ್ಯಾಲಯದ ಸಮುದಾಯ ಬಾನುಲಿ, ಮೂರೂ ಒಂದೇ ಊರಿನಲ್ಲಿವೆ. ಮಂಗಳೂರಿನ ಪಿಲಿಕುಳದಲ್ಲಿ 3ಡಿ ತಾರಾಲಯ, ಉಡುಪಿ ಕಡೆ ಹೋದರೆ ರೇಡಿಯೊ ಮಣಿಪಾಲ್. ಮೈಸೂರಿನವರಿಗಂತೂ ಹಬ್ಬ. ಮಾನಸಗಂಗೋತ್ರಿಯಲ್ಲಿ ಆನ್‌ಲೈನ್ ಕೋರ್ಸುಗಳ ಸ್ವಯಂ ಪೋರ್ಟಲ್‌ಗೆ ವಿಡಿಯೊ ಪಾಠ ತಯಾರಿಸುವ ಇಎಂಆರ್‌ಸಿ, ಹತ್ತಿರದಲ್ಲೇ ಶಿಕ್ಷಕರನ್ನು ತಯಾರು ಮಾಡುವ ಆರ್‌ಐಇ, ಸರಗೂರಿಗೆ ಹೋದರೆ ಜನಧ್ವನಿ ಬಾನುಲಿ. ಸರ್ಕಾರಿ ಶಾಲೆ ಎಲ್ಲಾ ಊರಲ್ಲೂ ಇದೆ.

ಇನ್ನು ನನ್ನ ಬೇಡಿಕೆಗೆ ಬರುತ್ತೇನೆ.

ಈ ಭೇಟಿಯನ್ನು ಶಾಲೆಯಲ್ಲಿ ಪಾಠ ಮಾಡುವ ಇಂಟರ್ನ್‌ಶಿಪ್‌ಗೆ ಮುಂಚೆ ಇಡಲು ಅವಕಾಶ ಮಾಡಿ. ಈಗ ಬಹಳ ಕಡೆ ಇದು ಕೊನೆಯ ಸೆಮಿಸ್ಟರಿನ ಪಿಕ್‌ನಿಕ್. ಕಲಿತದ್ದನ್ನು ಹಾಕಿ ನೋಡಲು ತರಗತಿಯೇ ಮುಗಿದಿರುತ್ತದೆ. ವರದಿಗೆ ಅಂಕ ಕೊಡುವುದನ್ನು ನಿಲ್ಲಿಸಿ. ಬದಲಿಗೆ ಪ್ರತಿಯೊಬ್ಬರೂ ತಾವೇ ಮಾಡಿದ ನಾಲ್ಕು ನಿಮಿಷದ ಒಂದು ಪಾಠ ತರಲಿ, ದನಿಯೋ ವಿಡಿಯೊವೋ ಏನಾದರೂ ಸರಿ, ಕನ್ನಡದಲ್ಲಿರಲಿ, ಅದನ್ನು ನಿಜವಾದ ಮಕ್ಕಳ ಮುಂದೆ ಒಮ್ಮೆ ಹಾಕಿರಲಿ. ಮಕ್ಕಳು ಎಲ್ಲಿ ಆಕಳಿಸಿದರು ಅಂತ ಬರೆದುಕೊಂಡು ಬರಲಿ. ಒಳ್ಳೆಯವನ್ನು ಆರಿಸಿ ಸರ್ಕಾರದ ಕಲಿಕಾ ಜಾಲತಾಣ ದೀಕ್ಷಾದಲ್ಲಿ ಹಾಕಿ. ಪಠ್ಯಪುಸ್ತಕದಲ್ಲಿ ಅದರ ಕ್ಯೂಆರ್ ಕೋಡ್ ಹೇಗೂ ಇದೆ. ಚಳ್ಳಕೆರೆಯ ರಾಗದ ಒಂದು ಪಾಠ ಅಲ್ಲಿದ್ದರೆ ಯಾರಿಗೂ ನಷ್ಟವಿಲ್ಲ.

ಅನುಮತಿಯ ಮಾತು. ಬಾನುಲಿಗೆ ಒಂದು ಪತ್ರ, ಶಾಲೆಗೆ ಕ್ಷೇತ್ರ ಶಿಕ್ಷಣಾಧಿಕಾರಿ ಬಿಇಒ ಅವರದ್ದೊಂದು, ಇನ್ನೊಂದು ಕಡೆಗೆ ಇನ್ನೊಂದು. ನಮ್ಮ ಭೇಟಿಗೆ ಹತ್ತು ವಾರ ಹಿಡಿಯಿತು, ಅದರಲ್ಲಿ ಒಂಬತ್ತು ವಾರ ಕಾಗದಕ್ಕೆ. ಡಯಟ್‌ನಲ್ಲಿ (ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆ) ಒಬ್ಬರಿಗೆ ಈ ಕೆಲಸ ಒಪ್ಪಿಸಿದರೆ ಜಿಲ್ಲೆಯ ಎಲ್ಲಾ ಕಾಲೇಜಿಗೂ ಆಗುತ್ತದೆ.

ದುಡ್ಡಿನ ಮಾತು ಆಡಲು ನಾಚಿಕೆ, ಆದರೂ ಆಡುತ್ತೇನೆ. ಬಸ್ಸಿನ ಖರ್ಚನ್ನು ಮಕ್ಕಳೇ ಹಾಕಿಕೊಂಡರು. ಭಾನುವಾರ ಕೂಲಿಗೆ ಹೋಗಿ ಆ ದುಡ್ಡು ಹೊಂದಿಸಿದವರು ನಮ್ಮಲ್ಲಿದ್ದಾರೆ. ಒಬ್ಬಳು ಎಂಟು ತಿಂಗಳ ಕೂಸನ್ನು ಅತ್ತೆಯ ಹತ್ತಿರ ಬಿಟ್ಟು, ರಾತ್ರಿ ವಾಪಸ್ ಬರುತ್ತೇನೆ ಎಂದು ಮಾತು ಕೊಟ್ಟು ಬಂದಿದ್ದಳು. ಅವಳಿಗೋಸ್ಕರ ಎರಡು ದಿನದ ಪ್ರವಾಸವನ್ನು ಒಡೆದು ಮೂರು ಬೇರೆ ಬೇರೆ ದಿನ ಮಾಡಿದೆವು. ಖರ್ಚು ಇನ್ನೂ ಜಾಸ್ತಿಯಾಯಿತು. ಒಂದು ಸ್ಮಾರ್ಟ್ ಬೋರ್ಡಿನ ಬೆಲೆಯಲ್ಲಿ ಎಷ್ಟು ಬಸ್ಸು ಹೊರಡುತ್ತವೆ ಅಂತ ನಿಮ್ಮ ಲೆಕ್ಕಪತ್ರ ವಿಭಾಗದವರನ್ನು ಒಮ್ಮೆ ಕೇಳಿ ನೋಡಿ.

‘ಎಲ್ಲಾ ಯೂಟ್ಯೂಬಲ್ಲೇ ಇದೆಯಲ್ಲ ಮೇಷ್ಟ್ರೇ, ಬಸ್ಸು ಯಾಕೆ?’ ಅಂತ ನೀವು ಕೇಳಬಹುದು. ನಮ್ಮ ಆಡಳಿತ ಮಂಡಳಿಯವರು ಈಗಾಗಲೇ ಕೇಳಿದ್ದಾರೆ. ಯೂಟ್ಯೂಬಿನಲ್ಲಿ ‘ಯಾವ ಬಾಣ ಮೇಡಂ?’ ಅಂತ ಯಾರೂ ಕೇಳುವುದಿಲ್ಲ.

ಈ ವರ್ಷದ ಬಸ್ಸು ಹೊರಡುವುದಿದೆ. ಡ್ರೈವರ್ ಹಿಂದಿನ ಎರಡು ಸೀಟು ನಿಮಗಾಗಿ ಖಾಲಿ ಬಿಡುತ್ತೇನೆ. ಬಾನುಲಿಗೋ ಮ್ಯೂಸಿಯಮ್ಮಿಗೋ ಬರಲು ಪುರುಸೊತ್ತಿಲ್ಲದಿದ್ದರೆ ಬೇಡ, ಮೂರನೇ ದಿನ ಆ ಶಾಲೆಗಾದರೂ ಬನ್ನಿ. ಮೊದಲೇ ತಿಳಿಸಬೇಡಿ. ತಿಳಿಸಿದರೆ ಟಿವಿಯ ಮುಸುಕು ತೆಗೆದುಬಿಡುತ್ತಾರೆ.

ಇಂತಿ,
ಚಿತ್ರದುರ್ಗ ಜಿಲ್ಲೆಯ ಒಬ್ಬ ಬಿ.ಇಡಿ. ಮೇಷ್ಟ್ರು